ಒಂದು ಮಿಲಿಮೀಟರ್ ನೀರಿನಷ್ಟು ಬಲ

ನಮ್ಮ ಬೀದಿಯ ಕೊನೆಯಲ್ಲಿ ಒಂದು ಹಳೆಯ ಮನೆಯಿದೆ. ಸಿ.ವಿ. ರಾಮನ್ ನಗರದಲ್ಲಿ ಇಂಥವು ಈಗ ಬೆರಳೆಣಿಕೆಯಷ್ಟು. ಒಂದೇ ಅಂತಸ್ತು, ಮುಂದೆ ಎರಡು ತೆಂಗಿನ ಮರ, ಹಿಂದೆ ತಗ್ಗು ಮಾಡಿನ ಬಚ್ಚಲುಮನೆ. ಆ ಬಚ್ಚಲಲ್ಲಿ ಇವತ್ತಿಗೂ ತಾಮ್ರದ ಹಂಡೆ ಹೂತಿದ್ದಾರೆ. ಸೌದೆ ಕೊಳ್ಳುವ ಮಾತಿಲ್ಲ. ಮರದಿಂದ ಬಿದ್ದ ಗರಿ, ಮಟ್ಟೆ, ಅಡುಗೆಮನೆಯ ಕರಟ, ಇಷ್ಟರಲ್ಲೇ ಮನೆಮಂದಿಗೆಲ್ಲ ಬಿಸಿನೀರು. ಒಲೆಯ ಹಿಂಭಾಗದಿಂದ ಗೋಡೆಗುಂಟ ಏರಿದ ಹೊಗೆಕೊಳವೆ ಮಾಡಿನಾಚೆ ಮೂರಡಿ ಚಾಚಿ ನಿಂತಿದೆ. ಅದರ ನೆತ್ತಿಗೆ ಒಂದು ಟೋಪಿ. ಪ್ಲಂಬಿಂಗ್ ಅಂಗಡಿಯಲ್ಲಿ ಕೇಳಿದರೆ ಅದಕ್ಕೆ ಕೌಲ್ ಅನ್ನುತ್ತಾರೆ.

ಹೋದ ವರ್ಷ ಆಷಾಢದಲ್ಲಿ ಆ ಮನೆಯ ಅಜ್ಜಿ ನನ್ನನ್ನು ಕರೆಸಿದರು. "ನೋಡಪ್ಪಾ, ಇಷ್ಟು ವರ್ಷ ಹೊಗೆ ತನ್ನ ಪಾಡಿಗೆ ಮೇಲೆ ಹೋಗ್ತಿತ್ತು. ಈಗ ನನ್ನ ಕಣ್ಣಿಗೇ ಬರುತ್ತೆ. ಒಲೆ ಕಿತ್ತುಹಾಕಿ ಗ್ಯಾಸ್ ಗೀಸರ್ ಹಾಕಿಸೋಣ ಅಂತಾನೆ ಮಗ. ನೀನು ವಿಜ್ಞಾನ ಬರೆಯೋನು, ಏನಾಗಿದೆ ಹೇಳು" ಎಂದರು.

ಏನಾಗಿದೆ ಎಂದು ಹೇಳಲು ಮೊದಲು ಹೊಗೆ ಮೇಲೆ ಹೋಗುವುದೇಕೆ ಎಂದು ಲೆಕ್ಕ ಹಾಕಬೇಕು. ಹೊಗೆಗೆ ಮೇಲೇರುವ ಹಂಬಲವೇನೂ ಇಲ್ಲ. ಕೊಳವೆಯೊಳಗಿನ ಬಿಸಿಗಾಳಿ ಹೊರಗಿನ ತಣ್ಣನೆಯ ಗಾಳಿಗಿಂತ ಹಗುರ. ಹೊರಗಿನ ಭಾರದ ಗಾಳಿ ಒಲೆಯ ಬಾಯಿಂದ ಒಳನುಗ್ಗಿ ಈ ಹಗುರ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಬಾವಿಯಲ್ಲಿ ಮುಳುಗಿಸಿದ ಖಾಲಿ ಕೊಡವನ್ನು ನೀರು ಮೇಲಕ್ಕೆ ತಳ್ಳುವುದು ಹೇಗೋ ಹಾಗೆ.

ಎಷ್ಟು ಜೋರಾಗಿ ತಳ್ಳುತ್ತದೆ? ಅಜ್ಜಿಯ ಕೊಳವೆ ಒಲೆಯಿಂದ ತುದಿಯವರೆಗೆ ಸುಮಾರು 3 ಮೀಟರ್. ಹೊರಗೆ 20 ಡಿಗ್ರಿ ಸೆಲ್ಸಿಯಸ್, ಒಳಗಿನ ಹೊಗೆ ಸರಾಸರಿ 120 ಡಿಗ್ರಿ ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಹೊರಗಿನ ಗಾಳಿ ಒಂದು ಘನಮೀಟರಿಗೆ ಸುಮಾರು 1.08 ಕಿಲೋ ತೂಗುತ್ತದೆ, ಒಳಗಿನದು 0.81 ಕಿಲೋ. ಈ ವ್ಯತ್ಯಾಸವನ್ನು ಎತ್ತರದಿಂದಲೂ ಗುರುತ್ವದಿಂದಲೂ ಗುಣಿಸಿದರೆ ಸಿಗುವ ಒತ್ತಡ 8 ಪ್ಯಾಸ್ಕಲ್. ಒಂದು ತಟ್ಟೆಯಲ್ಲಿ 1 ಮಿಲಿಮೀಟರ್ ಎತ್ತರಕ್ಕೆ ನಿಂತ ನೀರು ತಳದ ಮೇಲೆ ಹಾಕುವ ಒತ್ತಡ 9.8 ಪ್ಯಾಸ್ಕಲ್. ಹೊಗೆಕೊಳವೆಯ ಇಡೀ ಬದುಕು ನಡೆಯುವುದು ಅದಕ್ಕಿಂತ ಕಡಿಮೆ ಬಲದಲ್ಲಿ. ಇದೇ ಒಲೆಯನ್ನು ಮಂಗಳೂರಿನ ಕಡಲ ದಂಡೆಯಲ್ಲಿ ಹೂಡಿ, ಇಷ್ಟೇ ಬಿಸಿಯಲ್ಲಿ ಉರಿಸಿದರೆ 9 ಪ್ಯಾಸ್ಕಲ್ ಸಿಗುತ್ತಿತ್ತು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ನಮ್ಮೂರಿನ ಗಾಳಿ ಹತ್ತರಲ್ಲಿ ಒಂದು ಪಾಲಿನಷ್ಟು ತೆಳು.

ಈ ಮನೆಯಿಂದ ಕೂಗಳತೆಯಲ್ಲೇ ಜಿಟಿಆರ್‌ಇ, ಅಂದರೆ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ರೂಪುಗೊಂಡ ಕಾವೇರಿ ಎಂಜಿನ್ ತನ್ನೊಳಗೆ ಎಳೆದುಕೊಂಡ ಗಾಳಿಯನ್ನು ವಾತಾವರಣದ ಒತ್ತಡದ 20 ಪಟ್ಟಿಗೂ ಮೀರಿ ಹಿಂಡುತ್ತದೆ. ಪ್ಯಾಸ್ಕಲ್ ಲೆಕ್ಕದಲ್ಲಿ ಅದು ಇಪ್ಪತ್ತು ಲಕ್ಷದ ಮಾತು. ಅಲ್ಲೂ ಬಿಸಿ ಅನಿಲ, ಇಲ್ಲೂ ಬಿಸಿ ಅನಿಲ. ಅಲ್ಲಿ ಸಣ್ಣಪುಟ್ಟ ಗಾಳಿಯನ್ನು ಎಂಜಿನ್ ಲೆಕ್ಕಕ್ಕೇ ಇಡುವುದಿಲ್ಲ. ಇಲ್ಲಿ ಎಂಟೇ ಪ್ಯಾಸ್ಕಲ್ ಇರುವುದರಿಂದ ಸಣ್ಣಪುಟ್ಟದ್ದೇ ಎಲ್ಲವೂ. ಒಂದು ಗುಬ್ಬಿಗೂಡು, ಬೆರಳಗಲದ ಬಿರುಕು, ವಾಲಿದ ಟೋಪಿ, ಇವುಗಳಲ್ಲಿ ಯಾವುದಾದರೂ ಒಂದು ಸಾಕು, ಹೊಗೆ ತಿರುಗಿ ಬರುತ್ತದೆ.

ಗಾಳಿಯ ಬಲವನ್ನೂ ಇದರ ಪಕ್ಕ ಇಟ್ಟು ನೋಡೋಣ. ಸೆಕೆಂಡಿಗೆ 4 ಮೀಟರ್, ಅಂದರೆ ಗಂಟೆಗೆ 14 ಕಿಲೋಮೀಟರ್ ವೇಗದ ಗಾಳಿ ತಾನು ಬಡಿದ ಜಾಗದ ಮೇಲೆ ಹಾಕುವ ಒತ್ತಡ ಸುಮಾರು ಎಂಟೂವರೆ ಪ್ಯಾಸ್ಕಲ್. ಹಗ್ಗದ ಮೇಲಿನ ಬಟ್ಟೆಯನ್ನು ಹಾರಾಡಿಸುವ ಗಾಳಿ ಅದು, ಬಿರುಗಾಳಿಯೇನಲ್ಲ. ಅದು ಅಡ್ಡವಾಗಿ ಬೀಸಿದರೆ ಕೊಳವೆಗೆ ಲಾಭವೇ. ಬಾಯಿಯ ಮೇಲೆ ಹಾದುಹೋಗುವಾಗ ಅಲ್ಲಿನ ಒತ್ತಡ ತಗ್ಗಿ ಹೊಗೆ ಸೆಳೆಯಲ್ಪಡುತ್ತದೆ. ಅದೇ ಗಾಳಿ ಮೇಲಿನಿಂದ ಕೆಳಕ್ಕೆ ಎರಗಿದರೆ ಮೂರು ಮೀಟರ್ ಕೊಳವೆ ಗಳಿಸಿದ್ದನ್ನೆಲ್ಲ ಒಂದೇ ಹೊಡೆತಕ್ಕೆ ಕಳೆದುಬಿಡುತ್ತದೆ.

ಅಜ್ಜಿಯ ಮನೆಯಲ್ಲಿ ಆದದ್ದು ಇದೇ. ಪಡುವಣ ದಿಕ್ಕಿನ ಖಾಲಿ ಸೈಟಿನಲ್ಲಿ ಹಿಂದಿನ ವರ್ಷವಷ್ಟೇ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿತ್ತು. ಆಷಾಢದ ಗಾಳಿ ಬೆಂಗಳೂರಿಗೆ ಬರುವುದು ಪಡುವಣದಿಂದ. ಕಟ್ಟಡದ ನೆತ್ತಿ ದಾಟಿದ ಗಾಳಿ ನೇರ ಮುಂದೆ ಹೋಗುವುದಿಲ್ಲ. ಬಂಡೆ ದಾಟಿದ ಹೊಳೆನೀರಿನಂತೆ ಸುಳಿ ಸುತ್ತಿ ಕೆಳಗಿಳಿಯುತ್ತದೆ. ಕಟ್ಟಡದ ಎತ್ತರದ ಎರಡು ಮೂರು ಪಟ್ಟು ದೂರದವರೆಗೆ ಈ ಸುಳಿಯ ಆಟ ನಡೆಯುತ್ತದೆ. ತಗ್ಗು ಮನೆಯ ಹೊಗೆಕೊಳವೆ ಅದರ ನಟ್ಟನಡುವೆ ಸಿಕ್ಕಿಬಿದ್ದಿತ್ತು.

ಇದು ಹೊಸ ಸಂಕಟವೂ ಅಲ್ಲ. 1785ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಯುರೋಪಿನಿಂದ ಅಮೆರಿಕಕ್ಕೆ ಮರಳುವ ಹಡಗಿನಲ್ಲಿ ಕುಳಿತು, ವಿಯೆನ್ನಾದಲ್ಲಿದ್ದ ವೈದ್ಯ ಇಂಗನ್‌ಹೌಸ್‌ಗೆ ಒಂದು ಉದ್ದದ ಪತ್ರ ಬರೆದ. ಗಿಡಗಳು ಬೆಳಕಿನಲ್ಲಿ ಪ್ರಾಣವಾಯು ಬಿಡುತ್ತವೆ ಎಂದು ತೋರಿಸಿದ ಇಂಗನ್‌ಹೌಸ್ ಇವರೇ. ಹೊಗೆಗೂಡುಗಳು ಮನೆಯೊಳಕ್ಕೇ ಹೊಗೆ ಕಕ್ಕಲು ಒಂಬತ್ತು ಕಾರಣಗಳನ್ನು ಫ್ರಾಂಕ್ಲಿನ್ ಆ ಪತ್ರದಲ್ಲಿ ಗುರುತಿಸಿದ್ದ. ಪಕ್ಕದ ಕಟ್ಟಡವೋ ಗುಡ್ಡವೋ ಹೊಗೆಗೂಡಿಗಿಂತ ಎತ್ತರವಿರುವುದು ಅವುಗಳಲ್ಲೊಂದು. ಇನ್ನೊಂದು ಕಾರಣ, ಕೋಣೆಯನ್ನು ಸಂದಿಲ್ಲದಂತೆ ಮುಚ್ಚಿ ಒಳಬರುವ ಗಾಳಿಯನ್ನೇ ತಡೆಯುವುದು. ಅಜ್ಜಿಯ ಮನೆಯಲ್ಲಿ ಇದೂ ಇತ್ತು. ಬಚ್ಚಲಿನ ಹಳೇ ಮರದ ಬಾಗಿಲು ತೆಗೆಸಿ, ಕೆಳಗೆ ಕೂದಲೆಳೆಯಷ್ಟೂ ಸಂದಿಲ್ಲದ ಪ್ಲಾಸ್ಟಿಕ್ ಬಾಗಿಲು ಹಾಕಿಸಿದ್ದರು. ಒಳಕ್ಕೆ ಗಾಳಿ ಬಾರದೆ ಹೊರಕ್ಕೆ ಹೊಗೆ ಹೋಗುವುದೆಲ್ಲಿಂದ?

ಊದುಬತ್ತಿ ಹಚ್ಚಿ ಒಲೆಯ ಬಾಯಿಗೆ ಹಿಡಿದು ಪರೀಕ್ಷೆ ಮಾಡಿದೆವು. ಬಾಗಿಲು ಮುಚ್ಚಿದಾಗ ಊದುಬತ್ತಿಯ ಹೊಗೆ ಅಲ್ಲೇ ತೂಗಾಡಿತು. ಅರ್ಧ ತೆರೆದಾಗ ಮೆಲ್ಲಗೆ ಒಲೆಯೊಳಕ್ಕೆ ಬಾಗಿತು. ಹೊರಗೆ ಗಾಳಿ ರಭಸವಾಗಿ ಬೀಸಿದಾಗ ಮಾತ್ರ ಬಾಗಿಲು ತೆರೆದಿದ್ದರೂ ನಮ್ಮ ಮುಖಕ್ಕೇ ಬಂತು. ಈ ಪರೀಕ್ಷೆಗೆ ಒಂದು ರೂಪಾಯಿಯ ಖರ್ಚೂ ಇಲ್ಲ. ಹೊಗೆಕೊಳವೆ ಇರುವ ಪ್ರತಿ ಮನೆಯಲ್ಲೂ ಆಗಾಗ ಮಾಡಿನೋಡಬೇಕು.

ಆಮೇಲೆ ಕೆಳಗಿನ ಬೂದಿ ತೆಗೆಯುವ ಕಿಂಡಿಯಲ್ಲಿ ಕನ್ನಡಿ ಇಟ್ಟು ಮೇಲೆ ನೋಡಿದೆವು. ಟೋಪಿಯಿದ್ದರೂ ಅದರ ಅಂಚಿನ ಸುತ್ತ ಬೆಳಕಿನ ಬಳೆ ಕಾಣಬೇಕು. ನಮಗೆ ಕಂಡದ್ದು ಅರ್ಧಬಳೆ. ಬೀದಿಯ ಮೇಸ್ತ್ರಿ ಏಣಿ ಹಾಕಿ ಹತ್ತಿ ನೋಡಿ, "ಟೋಪಿ ಒಂದ್ಕಡೆ ಕೂತ್ಬಿಟ್ಟೈತೆ ಸಾರ್. ಒಳಗೆ ಮಸಿ ಬೇರೆ ಗಟ್ಟಿ ಹಿಡ್ಕೊಂಡೈತೆ" ಎಂದರು.

ಮಸಿಯ ಲೆಕ್ಕವನ್ನು ಯಾರೂ ಹಗುರವಾಗಿ ಕಾಣಬಾರದು. 100 ಮಿಲಿಮೀಟರ್ ವ್ಯಾಸದ ಕೊಳವೆಯೊಳಗೆ ಸುತ್ತಲೂ ಬರೀ 10 ಮಿಲಿಮೀಟರ್ ಮಸಿ ಕಟ್ಟಿದರೆ ವ್ಯಾಸ 80ಕ್ಕೆ ಇಳಿಯುತ್ತದೆ. ಮೊದಲಿನಷ್ಟೇ ಹೊಗೆ ಸಾಗಬೇಕೆಂದರೆ ಕೊಳವೆಯ ಗೋಡೆಯ ತಡೆಯನ್ನು ಮೀರಲು ಮೂರು ಪಟ್ಟು ಒತ್ತಡ ಬೇಕು. ವ್ಯಾಸ ಕುಗ್ಗಿದಂತೆ ತಡೆಯು ಅದರ ಐದನೇ ಘಾತಕ್ಕೆ ವಿಲೋಮವಾಗಿ ಬೆಳೆಯುತ್ತದೆ, ಅದಕ್ಕೆ. ಇರುವುದೇ ಎಂಟು ಪ್ಯಾಸ್ಕಲ್, ಮೂರು ಪಟ್ಟನ್ನು ತರುವುದೆಲ್ಲಿಂದ? ಹಸಿ ಮಟ್ಟೆ ಉರಿಸುವವರಿಗೆ ಇನ್ನೊಂದು ಕಾಟ. ಉರಿಯ ಶಾಖವೆಲ್ಲ ನೀರು ಆರಿಸುವುದಕ್ಕೇ ಹೋಗಿ, ಅರೆಬೆಂದ ಆವಿಗಳು ತಣ್ಣನೆಯ ಕೊಳವೆಯಲ್ಲಿ ಅಂಟು ಟಾರಾಗಿ ಕೂರುತ್ತವೆ. ಒಣ ಮಸಿ ಉದುರುತ್ತದೆ, ಟಾರು ಉದುರುವುದಿಲ್ಲ. ಒಂದು ದಿನ ಜೋರು ಉರಿ ಹಾಕಿದಾಗ ಅದೇ ಕೊಳವೆಯೊಳಗೆ ಹೊತ್ತಿಕೊಳ್ಳುತ್ತದೆ. ಮಟ್ಟೆಯನ್ನು ಒಂದು ಬೇಸಗೆ ಕಾಣಿಸಿ ಆಮೇಲೆ ಒಲೆಗಿಡಬೇಕು.

ಶುಚಿ ಮಾಡುವುದಕ್ಕೆ ನಮ್ಮ ಹಳ್ಳಿಗಳ ಉಪಾಯವೇ ಸಾಕು. ಹಗ್ಗದ ತುದಿಗೆ ಕಲ್ಲು, ಅದರ ಮೇಲೆ ಕೊಳವೆಗೆ ಬಿಗಿಯಾಗುವಷ್ಟು ಗೋಣಿತಾಟು ಸುತ್ತಿ, ಮೇಲಿನಿಂದ ಇಳಿಸಿ ಎಳೆದಾಡುವುದು. ಒಲೆಯ ಬಾಯನ್ನು ಮೊದಲು ಒದ್ದೆ ಬಟ್ಟೆಯಿಂದ ಮುಚ್ಚಬೇಕು. ಮೂಗು ಬಾಯಿಗೆ ಮಾಸ್ಕ್, ಮೈತುಂಬ ಬಟ್ಟೆ, ಕೆಲಸ ಮುಗಿದೊಡನೆ ಸ್ನಾನ, ಇವು ಕಡ್ಡಾಯ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರ ವೃಷಣಚೀಲದಲ್ಲಿ ಕಾಣಿಸುತ್ತಿದ್ದ ಕ್ಯಾನ್ಸರಿಗೆ ಮಸಿಯೇ ಕಾರಣವೆಂದು ಬರೆದರು. ಕಸುಬಿನಿಂದ ಬರುವ ಕ್ಯಾನ್ಸರನ್ನು ವೈದ್ಯಲೋಕ ಗುರುತಿಸಿದ್ದು ಅಲ್ಲಿಂದ. ಅಲ್ಲಿ ಈ ಕೆಲಸಕ್ಕೆ ಇಳಿಸುತ್ತಿದ್ದದ್ದು ಪುಟ್ಟ ಹುಡುಗರನ್ನು, ಸಣ್ಣ ಮೈ ಕಿರಿದಾದ ಗೂಡಿನಲ್ಲಿ ತೂರುತ್ತದೆಂಬ ಕಾರಣಕ್ಕೆ. ಆ ಮಕ್ಕಳನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅಜ್ಜಿಯ ಕೊಳವೆ ಆಸ್ಬೆಸ್ಟಾಸ್ ಸಿಮೆಂಟಿನದು. ಒಂದು ಕಾಲದಲ್ಲಿ ಬೆಂಗಳೂರಿನ ಬಚ್ಚಲುಗಳಿಗೆಲ್ಲ ಇದೇ ಹಾಕುತ್ತಿದ್ದರು. ಅಗ್ಗ, ತುಕ್ಕಿಲ್ಲ. ಆದರೆ ಅದನ್ನು ಗರಗಸದಿಂದ ಕೊಯ್ದರೂ, ಸುತ್ತಿಗೆಯಿಂದ ಒಡೆದರೂ, ತಂತಿ ಬ್ರಷ್ಷಿನಿಂದ ತಿಕ್ಕಿದರೂ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಸೇರಿ ಶ್ವಾಸಕೋಶದಲ್ಲಿ ನಾಟುತ್ತವೆ. ದಶಕಗಳ ನಂತರ ಕ್ಯಾನ್ಸರಾಗಿ ಕಾಣಿಸಿಕೊಳ್ಳಬಲ್ಲವು. ಬಿರುಕಿಲ್ಲದ ಕೊಳವೆಯಾದರೆ ಅದರ ತಂಟೆಗೆ ಹೋಗದಿರುವುದೇ ಲೇಸು. ಇದು ನಡುವೆ ಬಿರಿದಿತ್ತು. ಬಿರುಕಿನಿಂದ ಒಳನುಗ್ಗುವ ತಣ್ಣನೆಯ ಗಾಳಿ ಹೊಗೆಯನ್ನು ತಂಪಾಗಿಸಿ ಅದರ ಏರುವ ಬಲವನ್ನೇ ಕಸಿಯುತ್ತದೆ. ಹಾಗಾಗಿ ತೆಗೆಯಲೇಬೇಕಾಯಿತು. ನೀರು ಚಿಮುಕಿಸಿ ಪೂರ್ತಿ ನೆನೆಸಿ, ಕೊಯ್ಯದೆ, ಇಡಿಯಾಗಿ ಕಳಚಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಳಿಸಿದೆವು. ಮೇಸ್ತ್ರಿ ಮೊದಲು "ಒಂದೇಟಿಗೆ ಒಡ್ದು ತೆಗೀತೀನಿ" ಎಂದಿದ್ದರು. ಕಾರಣ ಹೇಳಿದ ಮೇಲೆ ತಮ್ಮ ಕೂಲಿ ಹುಡುಗನ ಮೂಗಿಗೂ ತಾವೇ ಮಾಸ್ಕ್ ಕಟ್ಟಿದರು.

ಹೊಸ ಕೊಳವೆ ಶಿವಾಜಿನಗರದ ತಗಡಿನ ಕೆಲಸದವರ ಬಳಿ ತಯಾರಾಯಿತು. ಜಿಐ ತಗಡು, ಮೊದಲಿಗಿಂತ ಒಂದು ಮೀಟರ್ ಹೆಚ್ಚು ಉದ್ದ. ಈ ಒಂದು ಮೀಟರಿನಿಂದ ಎರಡೂ ಮುಕ್ಕಾಲು ಪ್ಯಾಸ್ಕಲ್ ಹೆಚ್ಚುವರಿ ಎಳೆತ ಸಿಗುತ್ತದೆ. ತಗಡಿನ ಕೊಳವೆ ಬಿಸಿಯಾದಾಗ ಹಿಗ್ಗುತ್ತದೆ, 100 ಡಿಗ್ರಿ ಏರಿದರೆ ಮೀಟರಿಗೆ 1.2 ಮಿಲಿಮೀಟರ್. ನಾಲ್ಕು ಮೀಟರಿಗೆ ಹತ್ತಿರ ಹತ್ತಿರ 5 ಮಿಲಿಮೀಟರ್. ಮಾಡಿನ ಕಾಂಕ್ರೀಟಿಗೆ ಸಿಮೆಂಟ್ ಹಾಕಿ ಬಿಗಿದುಬಿಟ್ಟರೆ ದಿನಕ್ಕೊಂದು ಸಲ ಎಳೆದು ಕುಗ್ಗಿ, ಒಂದೇ ಮಳೆಗಾಲದಲ್ಲಿ ಸುತ್ತಲೂ ಬಿರುಕು ಬಿಡುತ್ತದೆ. ಆಮೇಲೆ ಗೋಡೆಗುಂಟ ಮಸಿನೀರು. ಅದಕ್ಕೆ ಮಾಡಿನಲ್ಲಿ ಒಂದು ದೊಡ್ಡ ಕೊಳವೆಯ ತುಂಡು ಹೂತು, ಹೊಗೆಕೊಳವೆಯನ್ನು ಅದರೊಳಗಿಂದ ಸಡಿಲವಾಗಿ ಹಾಯಿಸಬೇಕು. ಮೇಲೆ ಕೊಳವೆಗೆ ಸುತ್ತಿ ಬೆಸೆದ ತಗಡಿನ ಕೊಡೆ ಆ ಸಂದಿಗೆ ಮಳೆ ಬೀಳದಂತೆ ಕಾಯುತ್ತದೆ. ಕೊಳವೆ ಹಿಗ್ಗಲಿ ಕುಗ್ಗಲಿ, ಕಾಂಕ್ರೀಟಿಗೆ ತಾಗುವುದಿಲ್ಲ.

ಇನ್ನು ಟೋಪಿ. ಟೋಪಿಯೇ ಬೇಡ ಅಂದರೆ? ಬೆಂಗಳೂರಿನಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 970 ಮಿಲಿಮೀಟರ್ ಮಳೆ. ನಾಲ್ಕಿಂಚಿನ ತೆರೆದ ಬಾಯಿಗೆ ವರ್ಷಕ್ಕೆ ಏಳೂವರೆ ಲೀಟರ್ ನೀರು ಬೀಳುತ್ತದೆ. ಅದು ಮಸಿಯ ಆಮ್ಲಗಳನ್ನು ಕರಗಿಸಿಕೊಂಡು ಇಳಿದು ತಗಡನ್ನು ತಿನ್ನುತ್ತದೆ. ಆದ್ದರಿಂದ ಟೋಪಿ ಬೇಕು. ಆದರೆ ತಗ್ಗಿಸಿ ಕೂರಿಸಿದ ಟೋಪಿ ಬಿರಡೆಯಂತೆ. ಕೊಳವೆಯ ಬಾಯಿಗೂ ಟೋಪಿಗೂ ನಡುವಿನ ಸಂದು ವ್ಯಾಸದ ಕಾಲುಭಾಗವಿದ್ದರೆ ಸುತ್ತಲಿನ ದಾರಿ ಕೊಳವೆಯ ಬಾಯಿಯಷ್ಟೇ ಆಗುತ್ತದೆ. ಅರ್ಧದಷ್ಟಿದ್ದರೆ ಅದರ ಎರಡು ಪಟ್ಟು. ಹೊಗೆ ಅಲ್ಲಿ ತಿರುವು ತೆಗೆದುಕೊಳ್ಳಬೇಕಾದ್ದರಿಂದ ಎರಡು ಪಟ್ಟೇ ಇರಲಿ. ನಾಲ್ಕಿಂಚಿನ ಕೊಳವೆಗೆ ಎರಡಿಂಚು ಸಂದು ಎಂದು ನೆನಪಿಟ್ಟುಕೊಂಡರೆ ಸಾಕು.

ಬಯಲಲ್ಲಿ ನಿಂತ ಮನೆಗೆ ಈ ಸಾದಾ ಟೋಪಿ ಸರಿ. ಸುಳಿಯೊಳಗೆ ಸಿಕ್ಕ ಮನೆಗೆ ಸಾಲದು. ಗಾಳಿ ಬಂದ ದಿಕ್ಕಿಗೆ ಬೆನ್ನು ಕೊಟ್ಟು ತಿರುಗುವ ಟೋಪಿಗಳುಂಟು. ಆದರೆ ಟಾರು ಹಿಡಿದು ಅದರ ಅಚ್ಚು ಸಿಕ್ಕಿಕೊಂಡರೆ, ಬಾಯಿ ಗಾಳಿಗೆ ಎದುರಾಗಿಯೇ ನಿಂತು ಇದ್ದದ್ದಕ್ಕಿಂತ ಕಷ್ಟ. ಬೈಯಪ್ಪನಹಳ್ಳಿ, ವೈಟ್‌ಫೀಲ್ಡ್ ರಸ್ತೆಯ ಶೆಡ್ಡುಗಳ ಮೇಲೆ ತಿರುಗುವ ಬೆಳ್ಳಿಯ ಚೆಂಡುಗಳನ್ನು ನೀವು ನೋಡಿರುತ್ತೀರಿ. ಅವು ಶೆಡ್ಡಿನ ಬಿಸಿಗಾಳಿ ತೆಗೆಯಲು ಬಲು ಚೆಂದ. ಸೌದೆಯ ಹೊಗೆಗೆ ಹೇಳಿಸಿದ್ದಲ್ಲ, ಬೇರಿಂಗ್ ಬೇಗ ಕೂತುಹೋಗುತ್ತದೆ. ನಾವು ಆಯ್ದದ್ದು ಚಲಿಸುವ ಭಾಗವೇ ಇಲ್ಲದ ಆಕಾರ. ಕೊಳವೆಯ ತುದಿಗೆ ಒಂದು ಅಡ್ಡ ಕೊಳವೆ, ಅದರ ಎರಡು ತುದಿಗೂ ಮೇಲೆ ಕೆಳಗೆ ಎರಡೂ ಕಡೆ ತೆರೆದ ನೆಟ್ಟನೆಯ ತುಂಡುಗಳು. ಇಂಗ್ಲಿಷಿನ ಎಚ್ ಅಕ್ಷರವನ್ನು ಕಂಬದ ಮೇಲೆ ನಿಲ್ಲಿಸಿದಂತೆ. ಮೇಲಿಂದ ಎರಗಿದ ಗಾಳಿ ಆ ನೆಟ್ಟನೆಯ ತುಂಡಿನೊಳಗೆ ಹೊಕ್ಕು ಕೆಳಬಾಯಿಂದ ಹೊರಟುಹೋಗುತ್ತದೆ. ಹೋಗುವಾಗ ಅಡ್ಡ ಕೊಳವೆಯ ಹೊಗೆಯನ್ನೂ ತನ್ನ ಜೊತೆ ಎಳೆದೊಯ್ಯುತ್ತದೆ. ಎದುರಾಳಿಯ ಬಲವೇ ನಮ್ಮ ಕೆಲಸಕ್ಕೆ ದುಡಿಯುತ್ತದೆ. ತಗಡಿನ ಅಂಗಡಿಯ ಹಿರಿಯರಿಗೆ ಚಿತ್ರ ಬರೆದು ತೋರಿಸಿದಾಗ ಅವರು ಎರಡು ನಿಮಿಷ ಅದನ್ನೇ ನೋಡಿ, "ಇದರ ಮೇಲಿನ ಬಾಯಿಗೂ ಒಂದೊಂದು ಚಿಕ್ಕ ಕೊಡೆ ಇಡೋಣ, ಮಳೆಗೆ" ಎಂದರು. ಆ ಮಾತು ಅವರ ಕಸುಬಿನಿಂದ ಬಂದದ್ದು, ನನಗೆ ಹೊಳೆದಿರಲಿಲ್ಲ. ಬಾಯಿಗಳಿಗೆ ಅರ್ಧ ಇಂಚು ಕಣ್ಣಿನ ಜಾಲರಿ ಹಾಕಿಸಿದೆವು. ಸೊಳ್ಳೆ ಜಾಲರಿ ಹಾಕಿದರೆ ಎಂಟು ದಿನದಲ್ಲಿ ಮಸಿ ಮೆತ್ತಿ ಮುಚ್ಚಿಹೋಗುತ್ತದೆ. ಅದಕ್ಕೆ ತಕ್ಕುದಾದ ಜಾಗ ಸೆಪ್ಟಿಕ್ ಟ್ಯಾಂಕಿನ ಗಾಳಿ ಕೊಳವೆಯ ನೆತ್ತಿ. ಅಲ್ಲಿ ಜಾಲರಿ ಹರಿದರೆ ಇಡೀ ಬೀದಿಗೆ ಸೊಳ್ಳೆ.

ಹೊಗೆಕೊಳವೆಯ ಬಗ್ಗೆ ನಮ್ಮ ಊರಿನಲ್ಲೇ ನಡೆದ ದೊಡ್ಡ ಕೆಲಸವೊಂದನ್ನು ಇಲ್ಲಿ ನೆನೆಯಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನದ ಘಟಕ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕ್ಷೇತ್ರಕೇಂದ್ರವಿತ್ತು. 1980ರ ದಶಕದ ಆರಂಭದಲ್ಲಿ ಅಲ್ಲಿಂದ ಹೊರಬಂದದ್ದೇ ಅಸ್ತ್ರ ಒಲೆ: ಮೂರು ಪಾತ್ರೆ, ಮುಚ್ಚಿದ ಉರಿಗೂಡು, ಕೆಳಗೆ ಜಾಲಿ, ಕೊನೆಯಲ್ಲಿ ಹೊಗೆಕೊಳವೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಬಹುಪಾಲು ಗಾಳಿಪಾಲಾಗುತ್ತದೆ. ಅಸ್ತ್ರ ಒಲೆ ಪ್ರಯೋಗಾಲಯದಲ್ಲಿ ಶೇಕಡಾ 40ರ ಆಸುಪಾಸಿನಷ್ಟು ಶಾಖವನ್ನು ಪಾತ್ರೆಗೆ ಮುಟ್ಟಿಸಿತು. ಅದಕ್ಕಿಂತ ಮುಖ್ಯವಾಗಿ, ಅಡುಗೆಮನೆಯ ಹೆಣ್ಣುಮಕ್ಕಳ ಕಣ್ಣು, ಎದೆಗಳಿಂದ ಹೊಗೆಯನ್ನು ಹೊರಗೆ ಸಾಗಿಸಿತು. ನನ್ನ ದೃಷ್ಟಿಯಲ್ಲಿ ಬೆಂಗಳೂರಿನ ವಿಜ್ಞಾನ ಜನರಿಗೆ ಕೊಟ್ಟ ಕೊಡುಗೆಗಳಲ್ಲಿ ಇದು ರಾಕೆಟ್ಟಿಗಿಂತ ಕಡಿಮೆಯದಲ್ಲ. ದೇಶದಲ್ಲಿ 1983ರಲ್ಲಿ ಶುರುವಾದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಬಗೆಬಗೆಯ ಕೊಳವೆ ಒಲೆಗಳು ಕೋಟಿಗಟ್ಟಲೆ ಮನೆ ಸೇರಿದವು. ಅವುಗಳಲ್ಲಿ ಎಷ್ಟೋ ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆಗೆ ಬಿದ್ದದ್ದಕ್ಕೆ ಒಂದು ಕಾರಣ ಮಸಿ ಕಟ್ಟಿದ ಕೊಳವೆ, ಒಡೆದ ಟೋಪಿ. ಒಲೆ ಹೂಡಿಕೊಡಲು ಜನ ಬಂದರು. ಮತ್ತೆ ಮಾಡು ಹತ್ತಿ ಕೊಳವೆ ನೋಡಲು ಯಾರೂ ಬರಲಿಲ್ಲ.

ದಂಡು ಪ್ರದೇಶದ ಬಂಗಲೆಗಳ ಕತೆ ಬೇರೆ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ನೆಲೆಯೂರಿದ ಮೇಲೆ ಹಲವು ಬಂಗಲೆಗಳಲ್ಲಿ ಚಳಿ ಕಾಯಿಸುವ ಬೆಂಕಿಗೂಡುಗಳು ಬಂದವು. 1884ರ ಜನವರಿಯಲ್ಲಿ ಬೆಂಗಳೂರು 7.8 ಡಿಗ್ರಿಗೆ ಇಳಿದದ್ದುಂಟು, ಆಗ ಅವು ಶೋಕಿಯಾಗಿರಲಿಲ್ಲ. ಈಗ ಉಳಿದಿರುವ ಇಟ್ಟಿಗೆಯ ಹೊಗೆಗೂಡುಗಳಲ್ಲಿ ಉರಿಯಿಲ್ಲ, ಅರಳಿ ಸಸಿಗಳಿವೆ. ಸಸಿಯನ್ನು ಎಳೆದು ಕೀಳಬೇಡಿ, ಬೇರಿನ ಜೊತೆ ಗೋಡೆಯೂ ಬರುತ್ತದೆ. ಬುಡಕ್ಕೆ ಕೊಯ್ದು, ಬೇರು ಸತ್ತ ಮೇಲೆ ಸಂದು ತುಂಬಬೇಕು. ಮೇಲಿನ ಮಣ್ಣಿನ ಕುಡಿಕೆಯನ್ನು ಕೂರಿಸುವಾಗ ಸುಣ್ಣ, ಮರಳು, ಸುರ್ಕಿಯ ಗಾರೆಯೇ ಸರಿ. ಸಿಮೆಂಟ್ ಗಾರೆ ಬಿಸಿಗೆ ಇಟ್ಟಿಗೆಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ, ಬಾಗುವ ಗುಣವೂ ಇಲ್ಲ. ಸುಣ್ಣದ ಗಾರೆ ಮೆದು, ತಾನು ಸವೆದು ಇಟ್ಟಿಗೆಯನ್ನು ಉಳಿಸುತ್ತದೆ. ಬಳಸದ ಗೂಡೆಂದು ಬಾಯಿಗೆ ಕಲ್ಲು ಮುಚ್ಚಿ ಗಾರೆ ಬಳಿದರೆ ಒಳಗಿನ ತೇವ ಗೋಡೆಗೆ ಇಳಿಯುತ್ತದೆ. ಗಾಳಿಯಾಡುವ ಟೋಪಿ ಅಲ್ಲೂ ಬೇಕು.

ಗ್ಯಾಸ್ ಗೀಸರಿನ ಮಾತು ಬಾಕಿ ಇದೆ. ಅಜ್ಜಿಯ ಮಗನಿಗೆ ನಾನು ಹೇಳಿದ್ದು ಇಷ್ಟು: ಸೌದೆಯ ಹೊಗೆ ಕಣ್ಣುರಿಸಿ ಎಚ್ಚರಿಸುತ್ತದೆ, ಗ್ಯಾಸಿನ ಹೊಗೆ ಎಚ್ಚರಿಸುವುದಿಲ್ಲ. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಉರಿದು ಪ್ರಾಣವಾಯು ಕಡಿಮೆಯಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಸ್ನಾನಕ್ಕೆ ಹೋದವರು ಹೊರಗೆ ಬಾರದ ದುರಂತಗಳು ಈ ನಗರದಲ್ಲಿ ನಡೆದಿವೆ. ಗೀಸರ್ ಬೇಕೇ ಬೇಕೆಂದರೆ ಅದನ್ನು ಬಚ್ಚಲಿನ ಹೊರಗೆ ತೆರೆದ ಜಾಗದಲ್ಲಿ ಹಾಕಿಸಿ. ಒಳಗೆ ಇರುವಂಥದ್ದಾದರೆ ಅದಕ್ಕೂ ಸ್ವಂತ ಹೊಗೆಕೊಳವೆ, ಅದಕ್ಕೂ ನೆತ್ತಿಯ ಟೋಪಿ ಇರಲೇಬೇಕು. ಅಪಾರ್ಟ್‌ಮೆಂಟಿನ ಅಡುಗೆಮನೆಯ ವಿದ್ಯುತ್ ಚಿಮಣಿಯವರೂ ವರ್ಷಕ್ಕೊಮ್ಮೆ ಹೊರಗೋಡೆಯ ಬಾಯಿಯನ್ನು ನೋಡಬೇಕು. ಅಲ್ಲಿನ ರೆಕ್ಕೆ ಜಿಡ್ಡಿಗೆ ಅಂಟಿ ತೆರೆದೇ ನಿಂತಿದ್ದರೆ ಪಾರಿವಾಳ ಆಗಲೇ ಒಳಗಿರುತ್ತದೆ.

ಅಜ್ಜಿ ಹಂಡೆಯನ್ನೇ ಉಳಿಸಿಕೊಂಡರು. ಬಚ್ಚಲಿನ ಬಾಗಿಲನ್ನು ಕೆಳಗೆ ಎರಡಿಂಚು ಕೊಯ್ಸಿದರು. ಎಚ್ ಆಕಾರದ ಟೋಪಿ ಕೂತ ದಿನ ಗಾಳಿ ಜೋರಾಗಿಯೇ ಇತ್ತು. ಮೇಸ್ತ್ರಿ ಇನ್ನೂ ಏಣಿಯ ಮೇಲಿದ್ದರು, ಅಜ್ಜಿ ಕರಟ ಹಚ್ಚಿಯೇಬಿಟ್ಟರು. ಮೊದಲ ಹೊಗೆ ಟೋಪಿಯ ಕೆಳಬಾಯಿಂದ ಹೊರಬಿದ್ದು, ಬಾಗಿ, ಕೊಳವೆಯನ್ನು ಒಮ್ಮೆ ಸುತ್ತಿ ಮೂಡಲಕ್ಕೆ ಹೋಯಿತು. ಕೆಳಗಿನಿಂದ ಕೂಗು ಬಂತು: "ಇಲ್ಲೇನೂ ಇಲ್ಲಪ್ಪಾ, ಇಳಿ."

ಈ ವರ್ಷ ಆಷಾಢಕ್ಕೆ ಹದಿನೈದು ದಿನ ಮೊದಲೇ ಅವರು ಕನ್ನಡಿ, ಊದುಬತ್ತಿ ಹಿಡಿದು ತಾವೇ ಕುಳಿತರು. ಮೇಲೆ ಜಾಲರಿಗೆ ಗೊರವಂಕವೊಂದು ತೆಂಗಿನ ನಾರು ತಂದು ಸಿಕ್ಕಿಸಿತ್ತು, ನಾಲ್ಕೇ ನಾಲ್ಕು ಎಳೆ. ಮೊಟ್ಟೆಯಿಟ್ಟಿಲ್ಲ ಎಂದು ಖಾತ್ರಿ ಮಾಡಿಕೊಂಡು ಮೇಸ್ತ್ರಿ ಅದನ್ನು ಬಿಡಿಸಿ ಪಕ್ಕದ ತೆಂಗಿನ ಸುಳಿಯ ಬಳಿ ಇಟ್ಟು ಬಂದರು.